ಹೊಸ್ತಿಲಾಚೆಗೆ ಕೈ ಬೀಸಬಾರದು

ಇವಾಂಗೊರೊದ್,
ಮೇ ತಿಂಗಳ ಕೊನೆ

ನನ್ನ ಮುದ್ದು ರಿಮ್ಮಾ,

ಮೊದಲು ಕೂತುಕೋ. ಆಪರೇಷನ್ ಆದ ಸೊಂಟ ಇಟ್ಟುಕೊಂಡು ಕಿಟಕಿಯ ಪಕ್ಕ ನಿಂತು ಓದಬೇಡ. ನೀನು ನಿಂತೇ ಇರುತ್ತೀಯ ಎಂದು ಗೊತ್ತು, ಹುಟ್ಟಿದಾಗಿನಿಂದ ಅಕ್ಕನ ಮಾತು ಕೇಳಿದವಳಲ್ಲ. ತೋಸ್ಯಾಗೆ ಚಹಾ ಕೊಟ್ಟೆಯಾ? ಗಡಿ ಸೇತುವೆಯ ಸಾಲಿನಲ್ಲಿ ಅರ್ಧ ದಿನ ನಿಂತು ಬಂದಿದ್ದಾಳೆ ಪಾಪ. ಬೇಡ ಬೇಡ ಎನ್ನುತ್ತಾಳೆ, ಆಮೇಲೆ ಮೂರು ಲೋಟ ಕುಡಿಯುತ್ತಾಳೆ. ಗಾಯನ ತಂಡದಲ್ಲಿ ಇಷ್ಟು ವರ್ಷ ನನ್ನ ಪಕ್ಕದಲ್ಲೇ ನಿಂತು ಹಾಡಿದವಳ ಸ್ವಭಾವ ನನಗೆ ಗೊತ್ತಿಲ್ಲವೇ.

ಒಂಬತ್ತನೇ ತಾರೀಖು ಸಂಜೆ ಫೋನಿನಲ್ಲಿ ನೀನು ಕೇಳಿದೆ, "ಅಕ್ಕಾ, ಇವತ್ತು ಮೈಕಿನಲ್ಲಿ ಅಮ್ಮನ ಮಾತು ಯಾಕೆ ತೆಗೆದೆ?" ಅಂತ. ನಾನು ಇಲ್ಲಿ ಮೋಡ ಕವಿದಿದೆ ಎಂದೆ. ನೀನು ಇಲ್ಲೂ ಮೋಡ ಎಂದೆ. ಹೊಳೆಯ ಆ ದಡ ಈ ದಡಕ್ಕೆ ಬೇರೆ ಬೇರೆ ಆಕಾಶವೇನು ಇಲ್ಲವಲ್ಲ. ಫೋನಿನಲ್ಲಿ ಹವಾಮಾನ ಮತ್ತು ಹಣ್ಣಿನ ಜಾಮ್ ಬಿಟ್ಟು ನಾವು ಬೇರೇನಾದರೂ ಮಾತಾಡಿ ವರ್ಷಗಳೇ ಆದವು. ಯಾರು ಕೇಳಿಸಿಕೊಳ್ಳುತ್ತಾರೋ, ಯಾರೂ ಕೇಳಿಸಿಕೊಳ್ಳುವುದಿಲ್ಲವೋ, ಒಟ್ಟಿನಲ್ಲಿ ಬಾಯಿಗೆ ಬೀಗ ನಾವೇ ಹಾಕಿಕೊಂಡಿದ್ದೇವೆ. ಅದಕ್ಕೇ ಈ ಕಾಗದ. ಆ ದಿನ ಏನಾಯಿತು, ನಾನು ನಿನಗೆ ಯಾಕೆ ಕೈ ಬೀಸಲಿಲ್ಲ ಎನ್ನುವುದನ್ನು ಪೂರ್ತಿಯಾಗಿ ಹೇಳಬೇಕು. ಹೇಳದಿದ್ದರೆ ನನಗೆ ನಿದ್ದೆ ಹತ್ತುವುದಿಲ್ಲ.

ಮೇ ಒಂಬತ್ತರ ಯುದ್ಧವಿಜಯದ ಹಬ್ಬಕ್ಕೆ ಮುಂಚೆ ನಮ್ಮ ಊರಿಗೆ ಬರುವ ಕಳೆ ನಿನಗೆ ಗೊತ್ತೇ ಇದೆ. ವರ್ಷವೆಲ್ಲ ಗುಂಡಿ ಬಿದ್ದಿರುವ ರಸ್ತೆಗಳಲ್ಲಿ ಒಂದಕ್ಕೆ, ಪ್ರಾಂತದ ದೊಡ್ಡವರ ಕಾರು ಬರುವ ರಸ್ತೆಗೆ ಮಾತ್ರ, ಡಾಂಬರು ಬೀಳುತ್ತದೆ. ರಸ್ತೆಯಂಚಿನ ಕಲ್ಲಿಗೆ ಸುಣ್ಣ. ಕೋಟೆಯ ಕೆಳಗೆ, ಹೊಳೆಯ ದಂಡೆಯಲ್ಲಿ, ಆಚೆ ದಡದ ಎಸ್ಟೋನಿಯಾದಲ್ಲಿರುವ ನಿಮ್ಮ ನಾರ್ವಾಗೆ ಮುಖ ಮಾಡಿ ವೇದಿಕೆ ಏಳುತ್ತದೆ. ಮನೆಯಷ್ಟೆತ್ತರದ ಪರದೆ, ಲಾರಿಗಟ್ಟಲೆ ಧ್ವನಿವರ್ಧಕ. ನಮ್ಮ ಊರಿನ ಜನ ಪರದೆಯ ಬೆನ್ನಿಗೆ ನಿಂತು ಕಾರ್ಯಕ್ರಮ ನೋಡಬೇಕು. ಮುಖ ನಿಮಗೆ, ಬೆನ್ನು ನಮಗೆ. ತೋಸ್ಯಾ ಒಮ್ಮೆ ಅಂದಳು, "ನಮ್ಮ ಸರ್ಕಾರ ಹೊರಗಿನವರ ಕಡೆ ನೋಡ್ತಾ ಹಾಡತ್ತೆ, ಒಳಗಿನವರಿಗೆ ಅದರ ಬೆನ್ನು ಕೆರೆಯೋ ಕೆಲಸ" ಅಂತ. ನಕ್ಕೂ ನಕ್ಕೂ ನನ್ನ ಹೊಟ್ಟೆ ಹಿಡಿದುಕೊಂಡಿತು. ಆಮೇಲೆ ಇಬ್ಬರೂ ಸುತ್ತ ನೋಡಿಕೊಂಡೆವು.

ನಿಮ್ಮ ಕಡೆಯವರೇನು ಕಡಿಮೆಯೇ? ಅದೇ ದಿನ ನಿಮ್ಮ ಕೋಟೆಯ ಗೋಡೆಗೂ ನಮ್ಮ ಕಡೆ ಮುಖ ಮಾಡಿ ಒಂದು ದೊಡ್ಡ ಬಟ್ಟೆ ಇಳಿಬಿಡುತ್ತಾರೆ, ನಮ್ಮ ದೊಡ್ಡವರನ್ನು ಬೈದು ಬರೆದದ್ದು. ಇವರು ಹಾಡುತ್ತಾರೆ, ಅವರು ಬರೆಯುತ್ತಾರೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುವ ಹಾಗೆ ನಡುವೆ ನಾವಿದ್ದೇವೆ. ಒಂದು ಕಾಲಕ್ಕೆ ನೀನು ಕ್ರೆನ್‌ಹೋಲ್ಮ್ ಬಟ್ಟೆ ಗಿರಣಿಯಿಂದ ಪಾಳಿ ಮುಗಿಸಿ, ಚಪ್ಪಲಿ ಕೂಡ ಬದಲಾಯಿಸದೆ ಸೇತುವೆ ದಾಟಿ ಅಮ್ಮನ ಮನೆಗೆ ಎಲೆಕೋಸಿನ ಸಾರು ಕುಡಿಯಲು ಬರುತ್ತಿದ್ದೆ. ತೋಸ್ಯಾಳ ಹತ್ತಿರ ಆ ಕಡೆಯ ಕಾಗದಪತ್ರವಿದೆ, ದಾಟುತ್ತಾಳೆ; ನನಗೆ ಈಗ ವೀಸಾ ಕೊಡುವುದಿಲ್ಲ. ನಿನಗೆ ಸಾಲಿನಲ್ಲಿ ನಿಲ್ಲಲು ಸೊಂಟ ಬಿಡುವುದಿಲ್ಲ. ಹಾಗಾಗಿ ವರ್ಷಕ್ಕೊಂದು ದಿನ ನಾನು ವೇದಿಕೆಯ ಮೇಲೆ, ನೀನು ಆ ದಡದ ಮೂರನೇ ದೀಪದ ಕಂಬದ ಹತ್ತಿರ ಹಳದಿ ಕೊಡೆ ಬಿಚ್ಚಿಕೊಂಡು. ಬಿಸಿಲಿರಲಿ ಮಳೆಯಿರಲಿ ಆ ಕೊಡೆ ಕಂಡರೆ ನನಗೆ ವರ್ಷ ಕಳೆಯಲು ಸಾಕು. ಸರ್ಕಾರ ಎಷ್ಟು ಖರ್ಚು ಮಾಡಿ ಆ ವೇದಿಕೆ ಕಟ್ಟುತ್ತದೋ, ನನ್ನ ಪಾಲಿಗೆ ಅದು ನನ್ನ ತಂಗಿಯನ್ನು ನೋಡಲು ಹತ್ತುವ ಮಣೆ.

ಈ ವರ್ಷ ನಮ್ಮ ಸಂಸ್ಕೃತಿ ಭವನದ ನಿರ್ದೇಶಕ ವೆನಿಯಾಮಿನ್ ಪಾವ್ಲೊವಿಚ್‌ಗೆ ನಾನೇ ಹೇಳಿದ್ದೆ, ಅಮ್ಮನ ಊರಿನ ಹಾಡು ಹಾಡುತ್ತೇನೆ ಅಂತ. ಅಗಸೆ ನಾರು ನೂಲುವಾಗ ಅಮ್ಮ ಗುನುಗುತ್ತಿದ್ದಳಲ್ಲ, ಅದೇ. ನೀನು ಆಸ್ಪತ್ರೆಯಲ್ಲಿದ್ದಾಗ ನಿನ್ನ ತಲೆದಿಂಬಿನ ಪಕ್ಕ ಕೂರಲಾಗಲಿಲ್ಲ, ಅದನ್ನಾದರೂ ನಿನ್ನ ಕಿವಿಗೆ ಹಾಕಬೇಕು ಅಂತ ನನ್ನ ಆಸೆ. ಪಾಪ, ವೆನಿಯಾಮಿನ್ ಒಳ್ಳೆಯವನು, ಆದರೆ ಅವನ ಬೆನ್ನುಮೂಳೆ ನೂಡಲ್ಸಿನದು. ಹಾಡಿನ ಪಟ್ಟಿ ಜಿಲ್ಲೆಗೆ ಹೋಗಬೇಕು, ಜಿಲ್ಲೆಯವರು ಪ್ರಾಂತದ ಮುಖ ನೋಡುತ್ತಾರೆ, ಪ್ರಾಂತದವರು ಮಾಸ್ಕೋದ ಮುಖ ನೋಡುತ್ತಾರೆ, ಮಾಸ್ಕೋದವರು ಯಾರ ಮುಖ ನೋಡುತ್ತಾರೋ ನಮಗೆ ಗೊತ್ತಿಲ್ಲ. ನಮ್ಮ ದೇಶದಲ್ಲಿ ಎಲ್ಲರ ಕತ್ತೂ ಮೇಲಕ್ಕೇ ತಿರುಗಿರುತ್ತದೆ, ಅದಕ್ಕೇ ಕಾಲ ಕೆಳಗಿನ ಗುಂಡಿ ಯಾರಿಗೂ ಕಾಣುವುದಿಲ್ಲ. ಹಾಡು ಒಪ್ಪಿಗೆಯಾಗಲಿ ಎಂದು ಅವನು ಮನವಿಯಲ್ಲಿ ಒಂದು ಸಾಲು ಸೇರಿಸಿಬಿಟ್ಟಿದ್ದ: ಗಾಯಕಿಯ ಸ್ವಂತ ತಂಗಿ ಆಚೆ ದಡದಲ್ಲಿದ್ದಾಳೆ.

ಹಾಡಿಗೆ ಒಪ್ಪಿಗೆ ಸಿಕ್ಕಿತು. ಅದರ ಬೆನ್ನಿಗೇ ಪ್ರಾಂತದಿಂದ ಒಬ್ಬ ಮನುಷ್ಯನೂ ಬಂದ.

ಗ್ಲೆಬ್ ಅರ್ಕಾದ್ಯೆವಿಚ್ ಅಂತ. ನಲವತ್ತರ ಆಸುಪಾಸು, ಒಳ್ಳೆಯ ಕೋಟು, ನಿದ್ದೆಗೆಟ್ಟ ಕಣ್ಣು. ಹೊರನಾಡ ಸ್ವಜನರು ಎಂದು ಗಡಿಯಾಚೆ ಉಳಿದ ನಿಮ್ಮಂಥವರಿಗೆ ಹೆಸರಿಟ್ಟಿದ್ದಾರಲ್ಲ, ಆ ವಿಭಾಗದವನು. ಕಳೆದ ವರ್ಷ ನಾನು ಬಾಯಿತಪ್ಪಿ ಈ ಪದ ಹೇಳಿದಾಗ ನೀನು, ಹೊರನಾಡ ಸ್ವಜನೆ ಈಗ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಾಳೆ, ಆಮೇಲೆ ಮಾಡು ಎಂದು ಫೋನ್ ಇಟ್ಟಿದ್ದೆ. ಅವನು ಅಭ್ಯಾಸದ ದಿನ ನನ್ನನ್ನು ಕರೆದು ಕೂರಿಸಿ, ಚಾಕೊಲೇಟ್ ಪೆಟ್ಟಿಗೆ ಕೊಟ್ಟು, ಬಹಳ ಮರ್ಯಾದೆಯಿಂದ ಮಾತಾಡಿದ. ಹಾಡಿಗೆ ಮುಂಚೆ ನಾನು ವೇದಿಕೆಯಂಚಿನ ಕಟಕಟೆಯ ಹತ್ತಿರ ಬರಬೇಕಂತೆ. ಮೈಕಿನಲ್ಲಿ ನಿನ್ನ ಹೆಸರು ಹಿಡಿದು ಕರೆಯಬೇಕಂತೆ. ತಾಯ್ನಾಡು ನಿನ್ನನ್ನು ಮರೆತಿಲ್ಲ ಎನ್ನಬೇಕಂತೆ. ಆಮೇಲೆ ಕೈ ಬೀಸಬೇಕಂತೆ. ನೀನು ತಿರುಗಿ ಕೈ ಬೀಸುತ್ತೀಯ, ಕೋಟೆಯ ಬುರುಜಿನ ಮೇಲಿರುವ ಕ್ಯಾಮೆರಾ ನಿನ್ನ ಮುಖವನ್ನು, ಅಳುತ್ತಿದ್ದರೆ ಇನ್ನೂ ಒಳ್ಳೆಯದು, ಹತ್ತಿರಕ್ಕೆಳೆದು ಹಿಡಿಯುತ್ತದೆ. ಸಂಜೆಯ ಸುದ್ದಿಯಲ್ಲಿ ದೇಶವೆಲ್ಲ ನೋಡುತ್ತದೆ.

"ಆ ಹಳದಿ ಕೊಡೆ ತುಂಬಾ ಚೆನ್ನಾಗಿದೆ, ಫೈನಾ ಯೆಗೊರೊವ್ನಾ," ಅಂದ. "ದೂರದಿಂದ ಎದ್ದು ಕಾಣತ್ತೆ."

ಕೊಡೆಯ ಸಂಗತಿಯನ್ನೂ ವೆನಿಯಾಮಿನ್ ಹೇಳಿಬಿಟ್ಟಿದ್ದ.

ನನಗೆ ತಕ್ಷಣ ನಿನ್ನ ಕಾಗದಪತ್ರ ನೆನಪಾಯಿತು ಕಣೇ. ಜೂನ್‌ನಲ್ಲಿ ನಿನ್ನ ವಾಸದ ಪರವಾನಗಿ ಹೊಸದಾಗಬೇಕು. ನಿನ್ನ ಕೈಯಲ್ಲಿರುವುದು ನಮ್ಮ ದೇಶದ ಪಾಸ್‌ಪೋರ್ಟು, ನಿನ್ನ ಬದುಕಿರುವುದು ಅವರ ದೇಶದಲ್ಲಿ. ನಿಮ್ಮ ಬೀದಿಯ ಒಬ್ಬ ಹೆಂಗಸಿನ ಮುಖ ನಮ್ಮ ಟಿವಿಯಲ್ಲಿ ಬಂದಿತೆಂದು ಅಲ್ಲಿನ ಅಧಿಕಾರಿಗಳು ಕರೆದು ನೂರೆಂಟು ಪ್ರಶ್ನೆ ಕೇಳಿದರು ಎಂದು ತೋಸ್ಯಾ ಹೋದ ಸಲ ಸುದ್ದಿ ತಂದಿದ್ದಳು. ನಿಜವೋ ಸುಳ್ಳೋ, ಅದನ್ನು ನಿನ್ನ ಮೇಲೆ ಪರೀಕ್ಷೆ ಮಾಡಿ ನೋಡಲು ನಾನು ತಯಾರಿರಲಿಲ್ಲ. ಪರವಾನಗಿ ಸಿಗದಿದ್ದರೆ ನೀನು ಎಲ್ಲಿಗೆ ಹೋಗುತ್ತೀಯ? ನನ್ನ ಹತ್ತಿರ ಬರುತ್ತೀಯ, ಸರಿ, ಒಂದು ಕೋಣೆ ಒಂದು ಮಂಚ, ಕಾಲು ಚಾಚಲು ಜಗಳವಾಡಿಕೊಂಡು ಇರಬಹುದು. ಆದರೆ ನಿನ್ನ ಮಗಳು ಮಾರ್ಗಿತ್? ನಿನ್ನ ಗಂಡ ಆಂಟ್ಸ್‌ನ ಸಮಾಧಿ? ವಸಂತ ಬಂದ ಕೂಡಲೇ ಅದರ ಮೇಲೆ ಹೂವಿನ ಗಿಡ ನೆಡುವವರು ಯಾರು?

ನನಗೆ ಆಗುವುದಿಲ್ಲ ಎಂದೆ. ಗ್ಲೆಬ್ ನಕ್ಕ, ನಾಚಿಕೆ ಪಡಬೇಡಿ ಎಂದ. ತಂಗಿಗೆ ತೊಂದರೆಯಾಗಬಹುದು ಎಂದೆ. ಹಾಗೆ ತೊಂದರೆ ಕೊಟ್ಟರೆ ಅದೂ ಒಂದು ಸುದ್ದಿಯೇ ಎಂದುಬಿಟ್ಟ. ಆಗ ನನಗೆ ಅರ್ಥವಾಯಿತು. ನೀನು ಅತ್ತರೂ ಅವರಿಗೆ ಲಾಭ, ನಿನ್ನನ್ನು ಹೊರಗಟ್ಟಿದರೂ ಲಾಭ. ಕೆಟ್ಟ ಮನುಷ್ಯನಲ್ಲ ಅವನು, ನೋಡಿದರೆ ತಿಳಿಯುತ್ತಿತ್ತು. ದೂರದಿಂದ ನೋಡಿ ನೋಡಿ ಮನುಷ್ಯರು ಅವನಿಗೆ ಚದುರಂಗದ ಕಾಯಿಗಳಾಗಿದ್ದರು ಅಷ್ಟೆ.

ಅಂದು ಸಂಜೆ ನಿನಗೆ ಫೋನ್ ಮಾಡಿದ್ದು ಅದಕ್ಕೇ. ನಾಳೆ ಚಳಿಯಂತೆ, ಹೊರಗೆ ಹೋಗಬೇಡ ಎಂದೆ. "ಚಳಿಗೆಲ್ಲ ಹೆದರೋಳಾ ನಾನು?" ಅಂದೆ ನೀನು. ಸೊಂಟ ನೋಯುತ್ತದೆ ಎಂದೆ ನಾನು. ಮಾರ್ಗಿತ್ ಮಡಿಸುವ ಕುರ್ಚಿ ತರುತ್ತಾಳೆ ಎಂದೆ ನೀನು. ಜಾಮ್ ಕೆಟ್ಟಿದೆ ಕಣೇ, ಈ ಸಲ ಜಾಮ್ ಪೂರ್ತಿ ಕೆಟ್ಟಿದೆ ಎಂದು ನಾನು ಮತ್ತೆ ಮತ್ತೆ ಹೇಳಿದೆ. ಕೆಟ್ಟರೆ ಎಸೆದು ಬೇರೆ ಮಾಡು, ಅದಕ್ಕೆ ಇಷ್ಟು ಅಳುವುದೇನು ಎಂದು ನೀನು ನನ್ನನ್ನೇ ಗದರಿಸಿದೆ. ನಿನ್ನಂಥ ಮೊಂಡಿಗೆ ಗುಟ್ಟಿನ ಭಾಷೆ ಕಲಿಸುವ ಬದಲು ಶಿಶುವಿಹಾರದಲ್ಲಿ ಮೂವತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸುವುದು ಸುಲಭ. ಅದನ್ನು ಜೀವನವಿಡೀ ಮಾಡಿದವಳು ನಾನು.

ಹಾಡುವುದಿಲ್ಲ ಎನ್ನೋಣವೆಂದರೆ, ನಾನಿಲ್ಲದಿದ್ದರೂ ಕ್ಯಾಮೆರಾ ಇರುತ್ತದೆ, ನಿನ್ನ ಕೊಡೆಯೂ ಇರುತ್ತದೆ. ಕೈ ಬೀಸಿದರೆ ನೀನು ಬೀಸದೆ ಇರುವವಳಲ್ಲ. ಯೋಚಿಸುತ್ತ ಅಡುಗೆಮನೆಯಲ್ಲಿ ಕೂತಿದ್ದೆ. ಆಗ ಮಧ್ಯಾಹ್ನ ನೋಡಿದ ಒಂದು ಸಣ್ಣ ಸಂಗತಿ ನೆನಪಾಯಿತು. ಗ್ಲೆಬ್ ಕಾರು ಹತ್ತಲು ಹೊರಟಿದ್ದಾಗ ವೆನಿಯಾಮಿನ್ ಓಡಿಬಂದು, ಭವನದ ಬಾಗಿಲೊಳಗಿನಿಂದಲೇ ಕಾರ್ಯಕ್ರಮದ ಹಾಳೆ ಚಾಚಿದ. ಹೊಸ್ತಿಲ ಹೊರಗಿದ್ದ ಗ್ಲೆಬ್ ಥಟ್ಟನೆ ಕೈ ಹಿಂದಕ್ಕೆಳೆದುಕೊಂಡ. ಒಂದು ಹೆಜ್ಜೆ ಒಳಗಿಟ್ಟು, ಆಮೇಲೆ ಹಾಳೆ ತೆಗೆದುಕೊಂಡ. ಮಾಸ್ಕೋಗೆ ವರದಿ ಬರೆಯುವ ಮನುಷ್ಯ! ಅವನ ಒಳಗೂ ಒಬ್ಬ ಅಜ್ಜಿ ಕೂತಿದ್ದಾಳೆ ಎಂದು ನಗು ಬಂದಿತ್ತು.

ನಮ್ಮಮ್ಮ ಈ ವಿಷಯದಲ್ಲಿ ಎಷ್ಟು ಬಿಗಿ ಎಂದು ನೆನಪಿದೆಯಾ? ಹೊಸ್ತಿಲಾಚೆಗೆ ಏನೂ ಕೊಡಬಾರದು, ತಗೊಳ್ಳಬಾರದು, ಮಾತಾಡಬಾರದು, ಕೈ ಚಾಚಬಾರದು. ಜಗಳ ಬರುತ್ತದೆ. ನೀನು ಚಿಕ್ಕವಳಿದ್ದಾಗ ಪಕ್ಕದ ಮನೆಯವಳು ಹೊರಗಿನಿಂದ ಚಾಚಿದ ಹುಳಿ ಎಲೆಕೋಸಿನ ಬೋಗುಣಿಯನ್ನು ಒಳಗೆ ನಿಂತೇ ತಗೊಂಡೆ. ಮರುವಾರ ಬಟ್ಟೆ ಒಣಗಿಸುವ ಹಗ್ಗದ ಮೇಲೆ ಎರಡೂ ಮನೆಗೆ ಶುರುವಾದ ಜಗಳ ನಿನ್ನ ಶಾಲೆ ಮುಗಿಯುವವರೆಗೂ ಮುಗಿಯಲಿಲ್ಲ. ಆಂಟ್ಸ್ ಮೊದಲ ಸಲ ನಿನ್ನನ್ನು ಮದುವೆಗೆ ಕೇಳಲು ಬಂದಾಗ, ಪಾಪ ಎಸ್ಟೋನಿಯಾದ ಹುಡುಗ, ಅವನಿಗೇನು ಗೊತ್ತು, ಬಾಗಿಲಾಚೆಯಿಂದಲೇ ಕೈಕುಲುಕಲು ಕೈ ಕೊಟ್ಟ. ಅಮ್ಮ ಅವನ ಕೈ ಮುಟ್ಟಲೇ ಇಲ್ಲ, ಟೈ ಹಿಡಿದು ಒಳಗೆಳೆದುಕೊಂಡಳು. "ಒಳಗಾದ್ರೂ ಬಾ, ಹೊರಗಾದ್ರೂ ಹೋಗು, ಬಾಗಿಲಲ್ಲಿ ನಿಂತು ಪ್ರೀತಿ ಮಾಡ್ಬೇಡ" ಅಂದಳು. ಅವನು ಸಾಯುವವರೆಗೂ ಅಮ್ಮನ ಮನೆಗೆ ಬರುವಾಗ ಟೈ ಕಟ್ಟುತ್ತಿರಲಿಲ್ಲ.

ಸೇತುವೆಯ ಮೇಲೆ ಮೊದಲ ಸಲ ಕಾವಲಿನ ಗೂಡು ಬಂದಾಗಲೂ ಅಮ್ಮ ಅದನ್ನೇ ಹೇಳಿದ್ದು. ದೇಶ ಒಡೆಯಿತು, ಗಡಿ ಬಂತು ಅಂತೆಲ್ಲ ನಾವು ಅಳುತ್ತಿದ್ದರೆ ಅವಳು ಕಿಟಕಿಯಲ್ಲಿ ನಿಂತು, ನಮ್ಮ ಮನೆಯ ನಡುಮಧ್ಯೆ ಹೊಸ್ತಿಲು ಹಾಕಿದವರು ಯಾರು ಎಂದು ಕೇಳಿದಳು. ಅದಕ್ಕೆ ಇವತ್ತಿಗೂ ಯಾರೂ ಸರಿಯಾಗಿ ಉತ್ತರ ಕೊಟ್ಟಿಲ್ಲ.

ಒಂಬತ್ತನೇ ತಾರೀಖು ನಾನು ಕಟಕಟೆಯ ಹತ್ತಿರ ಬಂದೆ. ಚಳಿಗಾಳಿ, ಹೊಳೆಯ ಮೇಲೆ ಕೊರ್ಯುಷ್ಕಾ ಮೀನಿನ ಸೌತೆಕಾಯಿಯಂಥ ವಾಸನೆ. ಮೂರನೇ ಕಂಬದ ಹತ್ತಿರ ಹಳದಿ ಚುಕ್ಕೆ. ನೀನು ಬಂದೇ ಬಂದಿದ್ದೆ, ಮೊಂಡಿ. ಬುರುಜಿನ ಮೇಲಿನವರು ಕ್ಯಾಮೆರಾದ ಮೂತಿಯನ್ನು ನಿಮ್ಮ ದಡದ ಕಡೆ ತಿರುಗಿಸುತ್ತಿದ್ದರು. ಗ್ಲೆಬ್ ವೇದಿಕೆಯ ಮಗ್ಗುಲಲ್ಲಿ ನಿಂತು ನನಗೆ ತಲೆಯಾಡಿಸಿದ. ನನ್ನ ಬಲಗೈ ತಾನಾಗಿಯೇ ಮೇಲೇಳುತ್ತಿತ್ತು ರಿಮ್ಮಾ, ಅದನ್ನು ಎಡಗೈಯಲ್ಲಿ ಹಿಡಿದುಕೊಂಡೆ. ಮೈಕಿನಲ್ಲಿ ನಾನು ಹೇಳಿದ್ದನ್ನು ನೀನು ಕೇಳಿಸಿಕೊಂಡಿದ್ದೀಯ, ಆದರೂ ಇಲ್ಲಿ ಮತ್ತೆ ಬರೆಯುತ್ತೇನೆ, ಏಕೆಂದರೆ ಅದು ಯಾರಿಗೂ ಅಲ್ಲ, ನಿನಗೊಬ್ಬಳಿಗೇ ಹೇಳಿದ್ದು.

"ನನಗೆ ಕೈ ಬೀಸೋಕೆ ಹೇಳಿದಾರೆ. ಆದ್ರೆ ನಮ್ಮಮ್ಮ ಹೇಳ್ತಿದ್ಲು, ಹೊಸ್ತಿಲಾಚೆಗೆ ಯಾರನ್ನೂ ಮಾತಾಡಿಸ್ಬಾರ್ದು, ಕೈ ಚಾಚ್ಬಾರ್ದು, ಜಗಳ ಬರತ್ತೆ ಅಂತ. ಈ ಹೊಳೆ ಈಗ ಹೊಸ್ತಿಲಾಗಿದೆ. ಅದಕ್ಕೇ ನಾನು ಕೈ ಬೀಸಲ್ಲ, ನೀವೂ ಬೀಸ್ಬೇಡಿ. ಬಾಗಿಲಲ್ಲಿ ನಿಂತಿರೋರು ಒಳಗೆ ಹೋಗಿ, ಚಳಿ ಇದೆ. ನಾನು ಹಾಡ್ತೀನಿ, ಒಳಗಿಂದಾನೇ ಕೇಳ್ಸ್ಕೊಳ್ಳಿ."

ಆ ಧ್ವನಿವರ್ಧಕಗಳನ್ನು ತಂದದ್ದು ನಿಮ್ಮ ಊರಿನ ಕೊನೆಯ ಮನೆಗೂ ಕೇಳಲಿ ಎಂದೇ. ಅಮ್ಮನ ಮಾತು ಹೊಳೆ ದಾಟಿ, ನಿಮ್ಮ ಕೋಟೆಯ ಗೋಡೆಗೆ ಬಡಿದು, ನನಗೇ ವಾಪಸ್ ಕೇಳಿಸಿತು. ಹಾಡು ಶುರು ಮಾಡಿದೆ. ನಿನ್ನ ಕಡೆ ನೋಡಲಿಲ್ಲ. ನೀನು ಕೊಡೆ ಮುಚ್ಚಿದರೂ ಕ್ಯಾಮೆರಾ ನನ್ನ ಕಣ್ಣಿನ ಜಾಡು ಹಿಡಿದು ನಿನ್ನನ್ನು ಹುಡುಕೀತು ಎಂಬ ಭಯ. ನಿಮ್ಮ ಕೋಟೆಯ ಮೇಲಿನ ಬೈಗುಳದ ಬಟ್ಟೆಯನ್ನೇ ನೋಡುತ್ತ ಅಮ್ಮನ ಹಾಡು ಹಾಡಿದೆ. ಎರಡನೇ ಚರಣದ ನಡುವೆ ಉಸಿರು ತೆಗೆದುಕೊಳ್ಳುವಾಗ ತೋಸ್ಯಾ ತುಟಿಯಲುಗಿಸದೆ ಅಂದಳು, "ಕೊಡೆ ಮುಚ್ಚಿದಳು ಕಣೇ. ಹೋಗ್ತಿದಾಳೆ."

ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಮಾತ್ರ ಅಷ್ಟು ಬೇಗ ಅರ್ಥವಾಗುವುದು. ಜಾಮ್ ಅರ್ಥವಾಗದವಳಿಗೆ ಅಮ್ಮ ಅರ್ಥವಾದಳು. ನಾನು ಹಾಡುತ್ತಲೇ ಇದ್ದೆ, ಕಣ್ಣಲ್ಲಿ ನೀರು ಸುರಿಯುತ್ತಲೇ ಇತ್ತು. ವರ್ಷಕ್ಕೊಂದು ಸಲ ಸಿಗುವ ನಿನ್ನನ್ನು ಈ ವರ್ಷ ನಾನು ಸರಿಯಾಗಿ ನೋಡಲೇ ಇಲ್ಲ. ಅಳುವ ಮುಖ ಬೇಕು ಎಂದಿದ್ದರಲ್ಲ, ಕ್ಯಾಮೆರಾಗೆ ನನ್ನದೇ ಸಿಕ್ಕಿತು.

ಹಾಡು ಮುಗಿದು ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಕೂತಿದ್ದಾಗ ಗ್ಲೆಬ್ ಬಂದ. ಮುಖ ಕೆಂಪಗಿತ್ತು. ವೆನಿಯಾಮಿನ್ ಅವನ ಹಿಂದೆ ನಿಂತು, ಕೆಡುಕು ತಟ್ಟದಿರಲಿ ಎಂದು ಬಾಗಿಲ ಮರವನ್ನು ಬೆರಳಲ್ಲಿ ಕುಟ್ಟುತ್ತಿದ್ದ. ಗ್ಲೆಬ್ ಬಾಗಿಲಲ್ಲೇ ನಿಂತು ಬೈಯಲು ಬಾಯಿ ತೆರೆದ, ಕಾಲ ಕೆಳಗೆ ನೋಡಿದ, ಹೊಸ್ತಿಲು ಕಂಡಿತು. ಬಾಯಿ ಮುಚ್ಚಿ ಒಳಗೆ ಬಂದ. ಒಳಗೆ ಬಂದವನಿಗೆ ಏನಾದರೂ ಕೊಡಬೇಕಲ್ಲ, ತೋಸ್ಯಾ ಎಲೆಕೋಸಿನ ಕಡುಬಿನ ತಟ್ಟೆ ಮುಂದಿಟ್ಟಳು. ಅವನು ನನ್ನ ಎದುರು ಕೂತ. ಒಂದು ತಿಂದ. ಬೈಗುಳ ಎಲ್ಲಿ ಹೋಯಿತೋ, ಎರಡನೆಯದನ್ನು ಕೈಗೆತ್ತಿಕೊಂಡ.

"ನಮ್ಮಜ್ಜೀನೂ ಹಾಗೇ ಹೇಳ್ತಿದ್ಲು," ಅಂದ. "ನನ್ನ ದೊಡ್ಡಮ್ಮ ಖಾರ್ಕಿವ್‌ನಲ್ಲಿದಾಳೆ. ಫೋನ್ ಎತ್ತಲ್ಲ."

ತೋಸ್ಯಾ ತಟ್ಟನೆ ಮುಖ ತಿರುಗಿಸಿಕೊಂಡಳು. ಅವಳ ಮೊಮ್ಮಗ ಆ ಕಡೆಯೇ ಯುದ್ಧಕ್ಕೆ ಹೋಗಿದ್ದಾನೆ, ಚಳಿಗಾಲದಿಂದ ಸುದ್ದಿಯಿಲ್ಲ. ಅವಳ ಮುಂದೆ ಅದರ ಮಾತೆತ್ತಬೇಡ, ಅವಳೇ ಹೇಳಿದರೆ ಕೇಳು. ಗ್ಲೆಬ್ ಎದ್ದು, ಉಳಿದ ಕಡುಬನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು, ನನಗೆ ತಲೆಬಾಗಿ ಹೋದ. ಸಂಜೆಯ ಸುದ್ದಿಯಲ್ಲಿ ಪಟಾಕಿ ಬಂತು, ಪರದೆ ಬಂತು, ನಿಮ್ಮ ದಡದ ಜನಜಂಗುಳಿ ದೂರದಿಂದ ಬಂತು. ಒಂದು ಮುಖವೂ ಗುರುತು ಸಿಗುವಂತಿರಲಿಲ್ಲ. ಹೊರನಾಡ ಸ್ವಜನರು ಭಾವುಕರಾಗಿದ್ದರು ಎಂದು ವರದಿ ಹೋಗಿದೆಯಂತೆ, ವೆನಿಯಾಮಿನ್ ಹೇಳಿದ. ಅವನ ಕೆಲಸ ಉಳಿದಿದೆ. ನನ್ನನ್ನು ಮಾತ್ರ ಮುಂದಿನ ವರ್ಷದ ತಂಡದಿಂದ ಬಿಟ್ಟಿದ್ದಾರೆ, ವಯಸ್ಸಾಯಿತು ಎನ್ನುವ ಕಾರಣ ಕೊಟ್ಟು. ಅಂದರೆ ಆ ವೇದಿಕೆಯ ಮಣೆ ನನಗಿನ್ನು ಇಲ್ಲ. ದಂಡೆಯಲ್ಲಿ, ಪರದೆಯ ಬೆನ್ನಿನ ಹಿಂದೆ, ಎಲ್ಲರ ಜೊತೆ ನಿಂತುಕೊಳ್ಳುತ್ತೇನೆ. ನನ್ನ ಬಗ್ಗೆ ಮರುಗಬೇಡ. ಅವರು ಪಟ್ಟಿಯಿಂದ ತೆಗೆಯಬಹುದು, ಗಂಟಲಿನಿಂದ ತೆಗೆಯಲಾಗುವುದಿಲ್ಲ.

ಜೂನ್‌ನಲ್ಲಿ ಕಚೇರಿಗೆ ಹೋಗುವಾಗ ಆ ನೀಲಿ ಕೋಟು ಹಾಕಿಕೋ, ಅದರಲ್ಲಿ ನೀನು ಯಾವ ದೇಶದವರಿಗೂ ಬೇಡವೆನ್ನಲಾಗದ ಹಾಗೆ ಕಾಣುತ್ತೀಯ. ಹೊರಡುವ ಮುಂಚೆ ಒಂದು ನಿಮಿಷ ಸುಮ್ಮನೆ ಕೂತು ಏಳು, ಅಮ್ಮ ಕೂರಿಸುತ್ತಿದ್ದಳಲ್ಲ, ದಾರಿಗೆ ಒಳ್ಳೆಯದು. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು, ನಿನ್ನ ಆಲೂಗಡ್ಡೆಯ ಜೋಕು ಹೇಳಬೇಡ. ಪರವಾನಗಿ ಸಿಕ್ಕರೆ ಫೋನಿನಲ್ಲಿ ಜಾಮ್ ಚೆನ್ನಾಗಿ ಬಂದಿದೆ ಎನ್ನು. ಈ ಸಲವಾದರೂ ಜಾಮ್ ಎಂದರೆ ಜಾಮ್ ಅಲ್ಲ ಎಂದು ತಿಳಿದಿರಲಿ.

ಇನ್ನೊಂದು ಮಾತು. ಈ ಕಾಗದವನ್ನು ಬಾಗಿಲಲ್ಲಿ ಕೊಡಬೇಡ ಎಂದು ತೋಸ್ಯಾಳಿಂದ ಭಾಷೆ ತೆಗೆದುಕೊಂಡಿದ್ದೇನೆ. ಹೊಸ್ತಿಲು ದಾಟಿ, ಒಳಗೆ ಹೋಗಿ, ಕೂತು, ಆಮೇಲೆ ಕೊಡು ಎಂದಿದ್ದೇನೆ. ಬೀಳ್ಕೊಡುವಾಗ ನನ್ನ ಅಡುಗೆಮನೆಯಲ್ಲಿ ಅವಳ ಬಲಗೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಏನೇ ಇದು, ನನಗೇನು ಸಾವು ಬಂದಿದೆಯಾ ಎಂದು ಬೈದಳು. ಅವಳಿಗೆ ಹೇಳಲಿಲ್ಲ, ನಿನಗೆ ಹೇಳುತ್ತೇನೆ. ಅಂದು ನಾನು ಬೀಸದೆ ಹಿಡಿದುಕೊಂಡ ಕೈ ಅದು. ಅವಳ ಕೈಯಲ್ಲಿಟ್ಟು ಕಳಿಸಿದ್ದೇನೆ. ಈಗ ಅದು ನಿನ್ನ ಮನೆಯ ಒಳಗಿದೆ, ನಡುವೆ ಹೊಸ್ತಿಲಿಲ್ಲ. ಲೋಟ ಪಕ್ಕಕ್ಕಿಟ್ಟು ಅವಳ ಕೈ ಹಿಡಿದುಕೋ.

ದೇವರು ನಿನ್ನ ಸೊಂಟವನ್ನೂ ನಿನ್ನ ಮನೆಯನ್ನೂ ಗಟ್ಟಿಯಾಗಿಡಲಿ. ಒಂದು ದಿನ ಚಪ್ಪಲಿ ಬದಲಾಯಿಸದೆ ಸಾರು ಕುಡಿಯಲು ಬಾ. ನಾನು ಒಲೆಯ ಮೇಲಿಟ್ಟಿರುತ್ತೇನೆ.

ನಿನ್ನ ಅಕ್ಕ,
ಫೈನಾ